ವರ್ಷದ ಕೊನೆಯ ಲೆಕ್ಕದಲ್ಲಿ ವಿದ್ಯಾರ್ಥಿಯ ಸಣ್ಣ ಸಂತೋಷಗಳಿಗೆ ಜಾಗವಿದೆಯೇ?

ಪ್ರಶ್ನೆ ಕೇಳಿದವರು: ಹೆಜ್ಜಾರ್ಲೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ನನ್ನ ಊರು ಗುಂಡ್ಲುಪೇಟೆಯ ಕಡೆಯ ಒಂದು ಹಳ್ಳಿ; ನಮ್ಮ ಮನೆಯಲ್ಲಿ ಸ್ನಾತಕೋತ್ತರ ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲಿಗಳು. ಡಿಸೆಂಬರ್ ಮುಗಿಯುತ್ತಾ ಬಂದಿರುವ ಈ ದಿನಗಳಲ್ಲಿ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಅದನ್ನು ಇಲ್ಲಿರುವ ಹಿರಿಯರ ಮತ್ತು ನನ್ನ ಓರಗೆಯವರ ಮುಂದೆ ಇಡಬೇಕೆನಿಸಿತು.

ನಮ್ಮ ಹಾಸ್ಟೆಲಿನಲ್ಲಿ ವರ್ಷದ ಕೊನೆಗೆ ನಾವು ಕೆಲವರು ಒಟ್ಟಿಗೆ ಕುಳಿತು, ಈ ವರ್ಷ ತಮಗೆ ದಕ್ಕಿದ್ದೇನು ಎಂಬುದನ್ನು ಒಂದೊಂದು ಹಾಳೆಯಲ್ಲಿ ಬರೆದು ಓದುತ್ತೇವೆ. ಗೆಳತಿಯರ ಹಾಳೆಗಳಲ್ಲಿ ಕಾಲೇಜು ಅಧ್ಯಾಪಕರಾಗಲು ಬರೆಯುವ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾದದ್ದು, ಬೆಂಗಳೂರಿನ ಔಷಧ ಕಂಪನಿಯಲ್ಲಿ ಕೆಲಸ ಖಚಿತವಾದದ್ದು, ಬಿ.ಇಡಿ. ಸೀಟು ಸಿಕ್ಕಿದ್ದು ಇವೆಲ್ಲ ಇದ್ದವು. ಅವರ ಬಗ್ಗೆ ನನಗೆ ಹೃತ್ಪೂರ್ವಕವಾದ ಹೆಮ್ಮೆ ಇದೆ. ನನ್ನ ಹಾಳೆಯಲ್ಲಿ ಅಂಥ ಸಾಲುಗಳು ಬರಲಿಲ್ಲ. ಆದರೂ ಈ ವರ್ಷ ನಾನು ಸಂತೋಷವಾಗಿದ್ದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಮತ್ತು ಆ ಸಂತೋಷ ಎಲ್ಲಿಂದ ಬಂತೆಂದು ಹುಡುಕಿದಾಗ ಸಿಕ್ಕಿದ್ದೆಲ್ಲವೂ ಯಾರಿಗೂ ಹೇಳಿಕೊಳ್ಳಲಾಗದಷ್ಟು ಸಣ್ಣ ಸಂಗತಿಗಳು.

ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವುದು ಅವುಗಳಲ್ಲಿ ಮೊದಲನೆಯದು. ಮಾಗಿಯ ಚಳಿ ಶುರುವಾದ ಮೇಲೆ ನೀರಿನ ಮೇಲೆ ಮಂಜು ಕವಿದಿರುತ್ತದೆ. ಬಿಸಿಲು ಏರಿದಂತೆ ಅದು ಸ್ವಲ್ಪಸ್ವಲ್ಪವೇ ಹರಿದು, ನಡುಗಡ್ಡೆಯ ಮರಗಳ ಮೇಲೆ ಕುಳಿತ ಹೆಜ್ಜಾರ್ಲೆಗಳು, ನೀರುಕಾಗೆಗಳು, ಬಣ್ಣದ ಕೊಕ್ಕರೆಗಳು ಕಾಣಿಸತೊಡಗುತ್ತವೆ. ಅಷ್ಟು ಭಾರದ ಹೆಜ್ಜಾರ್ಲೆ ನೀರಿಗೆ ಇಳಿಯುವಾಗ ಕಾಲುಗಳನ್ನು ಮುಂದಕ್ಕೆ ಚಾಚಿ, ನೀರನ್ನು ಸೀಳುತ್ತಾ ಸ್ವಲ್ಪ ದೂರ ಜಾರಿ ನಿಲ್ಲುವ ಪರಿಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ನಾನು ಇಲ್ಲಿ ಈ ಹೆಸರನ್ನು ಇಟ್ಟುಕೊಂಡಿರುವುದಕ್ಕೂ ಅದೇ ಕಾರಣ.

ಎರಡನೆಯದು ಊರಿಗೆ ಹೋಗುವ ಶನಿವಾರದ ಬಸ್ಸು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಗುವ ಮೊದಲು, ಟಿಕೆಟ್ಟಿನ ಹಣ ನೆನೆದು ಊರಿಗೆ ಹೋಗುವುದನ್ನು ಮುಂದೂಡುತ್ತಿದ್ದೆ. ಈಗ ಮನಸ್ಸಾದಾಗ ಹೊರಡುತ್ತೇನೆ. ನಂಜನಗೂಡಿನಲ್ಲಿ ಕಪಿಲೆಯನ್ನು ದಾಟುವಾಗ ಕಿಟಕಿಯಿಂದ ಇಣುಕುವುದು, ಬೇಗೂರು ಕಳೆದ ಮೇಲೆ ಮುಂಗಾರಿನ ದಿನಗಳಲ್ಲಿ ಎರಡೂ ಬದಿಗೆ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು ಅರಳಿ ನಿಂತಿರುವುದು, ಅಮ್ಮ ಬಸ್ ನಿಲ್ದಾಣಕ್ಕೇ ಬಂದು ಕಾಯುವುದು. ಅಪರೂಪಕ್ಕೊಮ್ಮೆ ಅಮ್ಮನೂ ನನ್ನೊಡನೆ ಮೈಸೂರಿಗೆ ಬಂದು, ದೇವರಾಜ ಮಾರುಕಟ್ಟೆಯಲ್ಲಿ ಹೂವು, ವೀಳ್ಯದೆಲೆ ಕೊಂಡು, ಸಂಜೆಯ ಬಸ್ಸಿಗೆ ಹಿಂತಿರುಗುತ್ತಾಳೆ. ನನಗಾಗಿ ಅಲ್ಲದೆ ತನಗಾಗಿಯೇ ಅವಳು ಪೇಟೆಗೆ ಬಂದದ್ದನ್ನು ನಾನು ನೋಡಿದ್ದು ಈ ಎರಡು ಮೂರು ವರ್ಷಗಳಲ್ಲಿ ಮಾತ್ರ.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ. ರಂಗಾಯಣದ ವಾರಾಂತ್ಯದ ನಾಟಕಗಳು. ಡಿಸೆಂಬರಿನಲ್ಲಿ ಮೆಸ್ಸಿಗೆ ಸೊಗಡವರೆ ಬಂದ ದಿನದ ಉಪ್ಪಿಟ್ಟು. ಧನುರ್ಮಾಸದಲ್ಲಿ ನಸುಕಿಗೆ ಎದ್ದು ದೇವಸ್ಥಾನಕ್ಕೆ ಹೋಗಿ, ದೊನ್ನೆಯಲ್ಲಿ ಕೊಡುವ ಬಿಸಿ ಹುಗ್ಗಿಯನ್ನು ಗೆಳತಿಯರೊಡನೆ ಮೆಟ್ಟಿಲ ಮೇಲೆ ಕುಳಿತು ತಿನ್ನುವುದು. ಗ್ರಂಥಾಲಯದಲ್ಲಿ ಕಿಟಕಿಯ ಪಕ್ಕದ ಕುರ್ಚಿ ಖಾಲಿ ಸಿಗುವುದು. ಕೋಣೆಯ ಗೆಳತಿ ದೀಪ ಆರಿಸಿದ ಮೇಲೆ ಮಾತಿಗೆ ತೊಡಗುತ್ತಾಳೆ, ಅದನ್ನೂ ಸೇರಿಸಬೇಕು. ಪ್ರಯೋಗಾಲಯದಲ್ಲಿ ಸೆಕ್ಷನ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಗಿಡದ ತೆಳುವಾದ ಚೂರುಗಳನ್ನು, ತೆಗೆಯುತ್ತಾ ಊಟದ ಹೊತ್ತು ಮೀರಿ, ಮೆಸ್ಸು ಮುಚ್ಚಿದ ದಿನಗಳಲ್ಲಿ ಅವಳೇ ನನಗೆ ಊಟ ತೆಗೆದಿಟ್ಟಿರುತ್ತಾಳೆ.

ನನ್ನ ಪ್ರಶ್ನೆ ಇದು. ಇವನ್ನು ಸಂತೋಷವೆಂದು ಕರೆದು ವರ್ಷದ ಲೆಕ್ಕಕ್ಕೆ ಸೇರಿಸುವುದು ಸರಿಯೇ, ಅಥವಾ ದಕ್ಕದೆ ಹೋದದ್ದರಿಂದ ಮುಖ ತಿರುಗಿಸಲು ನಾನು ಕಂಡುಕೊಂಡ ಸಮಾಧಾನಗಳೇ ಇವು? ಊರಿನಲ್ಲಿ ಚಿಕ್ಕಪ್ಪ 'ಈ ವರ್ಷ ಏನಾಯಿತಮ್ಮ?' ಎಂದು ಪ್ರೀತಿಯಿಂದಲೇ ಕೇಳಿದಾಗ ಕೆರೆಯ ಕಥೆಯನ್ನು ಹೇಳಲು ನನ್ನ ಬಾಯಿ ಬರುವುದಿಲ್ಲ. ಕೆಲಸ, ಸಂಸಾರಗಳಲ್ಲಿ ಮುಂದೆ ಹೋದವರಿಗೆ ವಿದ್ಯಾರ್ಥಿ ದಿನಗಳ ಇಂಥ ಸಂತೋಷಗಳು ಉಳಿದು ಬಂದಿವೆಯೇ ಎಂಬುದನ್ನೂ ತಿಳಿಯುವ ಆಸೆ ನನಗಿದೆ.

ಉತ್ತರ: ಸೀಮೆಸುಣ್ಣ

ತಂಗೀ, ನಾನು ಹಾಸನ ಜಿಲ್ಲೆಯ ಕಾಲೇಜುಗಳಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ನಿಮ್ಮ ಬರಹವನ್ನು ಎರಡು ಸಲ ಓದಿದೆ. ಕೆರೆ, ಬಸ್ಸು, ಅಮ್ಮ ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ನನ್ನ ಕಣ್ಣು ನಿಂತದ್ದು ನೀವು ಬೇರೆ ಯಾವುದೋ ಮಾತನ್ನು ಹೇಳಲು ಹೋಗಿ ಹಾದಿಯಲ್ಲಿ ಬಿಟ್ಟುಹೋದ ಒಂದು ವಾಕ್ಯದ ಮೇಲೆ. ಸೆಕ್ಷನ್ ತೆಗೆಯುತ್ತಾ ಊಟದ ಹೊತ್ತು ಮೀರುತ್ತದೆ ಎಂದು ನೀವು ಬರೆದಿದ್ದೀರಿ. ಅದನ್ನು ಗೆಳತಿಯ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಮಾತ್ರ ಬಳಸಿಕೊಂಡು, ಸಂತೋಷದ ಸಾಲಿನಲ್ಲಿ ಸೇರಿಸದೆ ಮುಂದೆ ಹೋಗಿದ್ದೀರಿ.

ಆ ಹೊತ್ತಿನಲ್ಲಿ ನಡೆಯುವುದೇನೆಂದು ನನಗೆ ಗೊತ್ತು. ಎಳೆಯ ಕಾಂಡದ ತುಂಡನ್ನು ಆಲೂಗಡ್ಡೆಯ ಅಥವಾ ಕ್ಯಾರೆಟ್ಟಿನ ಹೋಳಿನ ನಡುವೆ ಹಿಡಿದು, ಬ್ಲೇಡನ್ನು ಒದ್ದೆ ಮಾಡಿ, ಒಂದೇ ಹದದಲ್ಲಿ ತನ್ನ ಕಡೆಗೆ ಎಳೆಯುತ್ತಾ ಹೋಗಬೇಕು. ಹತ್ತಾರು ಚೂರುಗಳನ್ನು ನೀರಿನಲ್ಲಿ ತೇಲಿಬಿಟ್ಟು, ಅವುಗಳಲ್ಲಿ ಬೆಳಕು ಹಾಯುವಷ್ಟು ತೆಳುವಾದ ಒಂದನ್ನು ಕುಂಚದ ತುದಿಯಿಂದ ಎತ್ತಿ, ಸಫ್ರನಿನ್ ಬಣ್ಣ ಹಾಕಿ, ತೊಳೆದು, ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಚಕ್ರ ತಿರುಗಿಸುತ್ತಾ ಹೋದಾಗ ಮಸುಕಾಗಿದ್ದದ್ದು ಥಟ್ಟನೆ ಸ್ಪಷ್ಟವಾಗಿ, ನೀರನ್ನು ಮೇಲಕ್ಕೆ ಒಯ್ಯುವ ಕೊಳವೆಗಳು ಕೆಂಪಾಗಿ ಎದ್ದು ಕಾಣುತ್ತವೆ. ದ್ವಿದಳ ಸಸ್ಯದ ಕಾಂಡವಾದರೆ ಅವುಗಳ ಗೊಂಚಲುಗಳು ಉಂಗುರದಂತೆ ಸುತ್ತ ನಿಂತಿರುತ್ತವೆ, ಜೋಳದ ಕಾಂಡವಾದರೆ ಎಲ್ಲೆಡೆ ಚದುರಿರುತ್ತವೆ. ಪುಸ್ತಕದ ಚಿತ್ರವನ್ನು ಬಾಯಿಪಾಠ ಮಾಡಿದ ಹುಡುಗ ಅದನ್ನು ತನ್ನ ಕೈಯಿಂದಲೇ ಕತ್ತರಿಸಿ ಕಂಡಾಗ ಅವನ ಮುಖದಲ್ಲಿ ಆಗುವ ಬದಲಾವಣೆಯನ್ನು ನೋಡುವುದಕ್ಕಾಗಿಯೇ ನಾನು ಅಷ್ಟು ವರ್ಷ ಆ ಕೆಲಸದಲ್ಲಿದ್ದೆ ಎಂದರೆ ಹೆಚ್ಚಲ್ಲ. ನೀವು ಇದನ್ನು ಕೆಲಸದ ಖಾತೆಗೆ ಬರೆದು, ಸಂತೋಷದ ಖಾತೆಯಿಂದ ಬಿಟ್ಟಿರುವುದು ನನಗೆ ನೋವು ತಂದಿತು. ಓದು ಮುಗಿದ ಮೇಲೆ ಬಿಡುವಿನಲ್ಲಿ ಸಿಗುವುದೇ ವಿದ್ಯಾರ್ಥಿಯ ಸಂತೋಷ ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಹೇಗೋ ಬೇರೂರಿಬಿಟ್ಟಿದೆ. ಅಂಕಕ್ಕಾಗಿಯೇ ಪಾಠ ಹೇಳುವ ನಮ್ಮ ಪದ್ಧತಿಗೆ ಇದರಲ್ಲಿ ದೊಡ್ಡ ಪಾಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಹಿರಿಯರು ಹಾಗೆ ಭಾವಿಸಿರಲಿಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದವನ್ನು ಅಳೆಯುವ ಒಂದು ಭಾಗವಿದೆ. ಮನುಷ್ಯರ ಆನಂದದಿಂದ ಆರಂಭಿಸಿ, ಅದರ ನೂರರಷ್ಟು, ಮತ್ತೆ ಅದರ ನೂರರಷ್ಟು ಎಂದು ಗಂಧರ್ವರು, ಪಿತೃಗಳು, ದೇವತೆಗಳನ್ನು ದಾಟಿ ಬ್ರಹ್ಮಾನಂದದವರೆಗೆ ಅದು ಏರುತ್ತದೆ. ಆ ಅಳತೆಗೆ ಮೂಲಮಾನವಾಗಿ ಋಷಿಗಳು ತೆಗೆದುಕೊಂಡದ್ದು ಯಾವ ರಾಜನನ್ನೂ ಅಲ್ಲ. ಒಳ್ಳೆಯ ನಡತೆಯ, ಚೆನ್ನಾಗಿ ಓದಿಕೊಂಡ, ದೃಢವಾದ ಮೈಯುಳ್ಳ ಒಬ್ಬ ತರುಣನನ್ನು. ಭೂಮಿಯ ಸಂಪತ್ತೆಲ್ಲ ಅವನದಾಗಿದ್ದರೆ ಎಂಬ ಮಾತೂ ಅಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಂದಿನ ಒಂದೊಂದು ಮೆಟ್ಟಿಲಲ್ಲೂ, ಬಯಕೆಯ ಹೊಡೆತಕ್ಕೆ ಸಿಕ್ಕದ ಓದುಗನಿಗೂ ಅಷ್ಟೇ ಆನಂದವಿದೆ ಎಂಬ ಮಾತು ಮರಳಿ ಮರಳಿ ಬರುತ್ತದೆ.

ಇನ್ನು ಕುಕ್ಕರಹಳ್ಳಿ ಕೆರೆಯ ವಿಷಯ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ ನೀವು ಓದುತ್ತಿರುವ ಮಾನಸಗಂಗೋತ್ರಿಯನ್ನು ಕಟ್ಟಿದರು, ಮತ್ತು ಅದೇ ಕೆರೆಯ ಏರಿಯ ಮೇಲೆ ತಿರುಗಾಡುವುದು ಅವರಿಗೆ ಬಹಳ ಪ್ರಿಯವಾಗಿತ್ತು. ಡಿಸೆಂಬರ್ 29 ಅವರ ಜನ್ಮದಿನ. ಚಿಕ್ಕಪ್ಪನವರಿಗೆ ಕೆರೆಯ ಕಥೆ ಹೇಳಲು ಸಂಕೋಚವಾದರೆ ಅಲ್ಲಿಂದ ಮಾತು ಆರಂಭಿಸಿ.

ಉತ್ತರ: ಮಂಡ್ಯದ ಅಮ್ಮ

ನನ್ನ ಮಗಳೂ ಹಾಸ್ಟೆಲಿನಲ್ಲಿದ್ದಾಳೆ. ಫೋನು ಮಾಡಿದಾಗಲೆಲ್ಲ ಟೆಸ್ಟು, ಅಂಕ, ಫೀಸು ಇಷ್ಟನ್ನೇ ಹೇಳಿ ಇಡುತ್ತಾಳೆ. ನಾವು ಕೇಳುವುದೂ ಅದನ್ನೇ ಇರಬಹುದು. ಅವಳು ಅಲ್ಲಿ ನಗುತ್ತಿದ್ದಾಳೋ ಇಲ್ಲವೋ ಎಂಬುದೇ ನನ್ನ ನಿಜವಾದ ಚಿಂತೆ, ಆದರೆ ಅದನ್ನು ಹೇಗೆ ಕೇಳುವುದೆಂದು ತಿಳಿಯದೆ ಊಟ ಆಯಿತೇ ಎಂದು ಕೇಳುತ್ತೇನೆ. ನೀವು ಇಲ್ಲಿ ಬರೆದದ್ದನ್ನೆಲ್ಲ ನಿಮ್ಮ ಅಮ್ಮನಿಗೆ ಹಾಗೆಯೇ ಓದಿ ಹೇಳಿ ಮಗಳೇ. ಬಸ್ಸಿನ ವಿಷಯವನ್ನಂತೂ ಬಿಡಬೇಡಿ.

ಉತ್ತರ: ಮನದಾಳ

ನಾನು ಬೆಂಗಳೂರಿನಲ್ಲಿ ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ಹೆಜ್ಜಾರ್ಲೆ ಅವರ ಪ್ರಶ್ನೆ ನನ್ನ ವಿಷಯಕ್ಕೆ ಬಹಳ ಹತ್ತಿರದ್ದಾದ್ದರಿಂದ ಎರಡು ಅಧ್ಯಯನಗಳನ್ನು ನೆನಪಿಸಬಯಸುತ್ತೇನೆ.

1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ದೊಡ್ಡ ಮೊತ್ತದ ಲಾಟರಿ ಗೆದ್ದ 22 ಜನರನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿ ನೋಡಿದರು. ಗೆದ್ದವರು ತಮ್ಮನ್ನು ಬೇರೆಯವರಿಗಿಂತ ಗಮನಾರ್ಹವಾಗಿ ಹೆಚ್ಚು ಸುಖಿಗಳೆಂದು ಹೇಳಿಕೊಳ್ಳಲಿಲ್ಲ ಎಂಬ ಭಾಗ ಮಾತ್ರ ಎಲ್ಲೆಡೆ ಪ್ರಚಾರದಲ್ಲಿದೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ. ಗೆಳೆಯನೊಡನೆ ಮಾತಾಡುವುದು, ಬೆಳಗಿನ ತಿಂಡಿ ತಿನ್ನುವುದು ಮುಂತಾದ ದಿನನಿತ್ಯದ ಸಂಗತಿಗಳಿಂದ ಎಷ್ಟು ಸಂತೋಷ ಸಿಗುತ್ತದೆ ಎಂದು ಕೇಳಿದಾಗ, ಲಾಟರಿ ಗೆದ್ದವರು ಉಳಿದವರಿಗಿಂತ ಕಡಿಮೆ ಎಂದು ಉತ್ತರಿಸಿದರು. ಒಂದು ದೊಡ್ಡ ಗೆಲುವು ಸಣ್ಣ ಸಂತೋಷಗಳ ರುಚಿಯನ್ನು ತಗ್ಗಿಸಬಹುದೆಂಬ ಸೂಚನೆ ಅಲ್ಲಿದೆ. ಅಷ್ಟು ಕಡಿಮೆ ಜನರನ್ನು ನೋಡಿ ಮಾಡಿದ ಅಧ್ಯಯನದ ಮೇಲೆ ಇಡೀ ಬದುಕಿನ ತೀರ್ಮಾನವನ್ನು ಕಟ್ಟುವುದು ತಪ್ಪಾಗುತ್ತದೆ. ಆದರೆ ಕೆಲಸ ಸಿಕ್ಕಿದ ಮೇಲೆ ಕೆರೆಯ ಬೆಳಗು ತಾನಾಗಿಯೇ ಇನ್ನಷ್ಟು ಸೊಗಸಾಗಿ ಕಾಣುತ್ತದೆ ಎಂದು ನಾವು ನಂಬಿಕೊಂಡಿರುವುದಕ್ಕೆ ಆಧಾರವಿಲ್ಲ ಎಂಬುದನ್ನಾದರೂ ಅದು ತೋರಿಸುತ್ತದೆ.

ಎರಡನೆಯದು 2010ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಪ್ರಕಟಿಸಿದ ಅಧ್ಯಯನ. ಅವರು 2,250 ಜನರನ್ನು ಮೊಬೈಲ್ ಮೂಲಕ ಹೊತ್ತಲ್ಲದ ಹೊತ್ತಿನಲ್ಲಿ ಸಂಪರ್ಕಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಎಷ್ಟು ಸಂತೋಷವಾಗಿದ್ದೀರಿ ಎಂದು ಕೇಳಿದರು. ಉತ್ತರಗಳಲ್ಲಿ ಶೇ. 46.9ರಷ್ಟು ಸಂದರ್ಭಗಳಲ್ಲಿ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಅಲೆಯುತ್ತಿತ್ತು, ಮತ್ತು ಹಾಗೆ ಅಲೆಯುತ್ತಿದ್ದಾಗ ಜನರು ಕಡಿಮೆ ಸಂತೋಷವಾಗಿದ್ದರು. ಹೆಜ್ಜಾರ್ಲೆ ಅವರು ಹೇಳಿದ ಸಂಗತಿಗಳನ್ನು ಈ ದೃಷ್ಟಿಯಿಂದ ಮತ್ತೆ ಓದಿ ನೋಡಿ. ಹಕ್ಕಿ ನೀರಿಗಿಳಿಯುವ ಗಳಿಗೆ, ಕತ್ತಲೆಯ ಕೋಣೆಯಲ್ಲಿ ಗೆಳತಿಯ ಮಾತು, ದೊನ್ನೆಯಲ್ಲಿ ಕೈ ಸುಡುವ ಹುಗ್ಗಿ, ಸೀಮೆಸುಣ್ಣ ಸರ್ ವಿವರಿಸಿದ ಬ್ಲೇಡು ಮತ್ತು ಸೂಕ್ಷ್ಮದರ್ಶಕ: ಇವೆಲ್ಲವೂ ಮನಸ್ಸನ್ನು ಬೇರೆಡೆಗೆ ಹೋಗಲು ಬಿಡದೆ ಹಿಡಿದಿಟ್ಟುಕೊಳ್ಳುವಂಥವು.

ಹೀಗಾಗಿ ಇವು ಬರಿಯ ಸಮಾಧಾನಗಳೇ ಎಂಬ ನಿಮ್ಮ ಸಂದೇಹಕ್ಕೆ ನನ್ನ ಉತ್ತರ, ಅಲ್ಲ ಎಂಬುದು. ಮುಖ ತಿರುಗಿಸಲು ಮಾಡುವ ಕೆಲಸಗಳು ನೆನಪಿನಲ್ಲಿ ಹೀಗೆ ಬಿಡಿಬಿಡಿಯಾಗಿ, ಬಣ್ಣ ವಾಸನೆಗಳ ಸಮೇತ ಉಳಿಯುವುದು ಅಪರೂಪ. ರಾತ್ರಿ ಎರಡು ಗಂಟೆ ಮೊಬೈಲಿನಲ್ಲಿ ವಿಡಿಯೋಗಳನ್ನು ಸರಿಸುತ್ತಾ ಕಳೆದವರನ್ನು ಮರುದಿನ ಕೇಳಿದರೆ, ನೋಡಿದ್ದರಲ್ಲಿ ಮೂರನ್ನು ಹೇಳಲೂ ಅವರಿಗೆ ಕಷ್ಟವಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊಬೈಲು ಒಂದು ಕಡೆಯೂ ಬಂದಿಲ್ಲ, ಗಮನಿಸಿದಿರಾ?

ಉತ್ತರ: ತೊಗರಿ ಹೊಲ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಹಗಲು ಕಾಲೇಜು, ರಾತ್ರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಅಕ್ಕಾ, ನಿಮ್ಮ ಬರಹವನ್ನು ಓದಿ ಸಂತೋಷವಾಯಿತು, ಅದರ ಜೊತೆಗೆ ಒಂದು ಭಿನ್ನಾಭಿಪ್ರಾಯವೂ ಹುಟ್ಟಿತು. ಅದನ್ನು ಗೌರವದಿಂದಲೇ ಹೇಳುತ್ತೇನೆ.

ಇಲ್ಲಿ ಎಲ್ಲರೂ ಸಂತೋಷವು ನೋಡುವ ಕಣ್ಣಿನಲ್ಲಿ, ಹಿಡಿದಿಟ್ಟ ಮನಸ್ಸಿನಲ್ಲಿ ಇದೆ ಎಂಬಂತೆ ಮಾತಾಡುತ್ತಿದ್ದಾರೆ. ನನಗೆ ನಿಮ್ಮ ಪಟ್ಟಿಯಲ್ಲಿ ಕಂಡದ್ದು ಬೇರೆ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ನಿಮ್ಮ ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ರಂಗಾಯಣವನ್ನು ಸರ್ಕಾರ 1989ರಲ್ಲಿ ಬಿ.ವಿ. ಕಾರಂತರ ಕೈಗೆ ಕೊಟ್ಟು ಆರಂಭಿಸಿತು. ಬಸ್ಸು ಸರ್ಕಾರದ್ದು, ಗ್ರಂಥಾಲಯದ ಕಿಟಕಿಯ ಪಕ್ಕದ ಕುರ್ಚಿ ವಿಶ್ವವಿದ್ಯಾನಿಲಯದ್ದು, ಹುಗ್ಗಿ ದೇವಸ್ಥಾನದ್ದು. ಇವುಗಳಲ್ಲಿ ಒಂದನ್ನೂ ನೀವು ದುಡ್ಡು ಕೊಟ್ಟು ನಿಮ್ಮದಾಗಿ ಮಾಡಿಕೊಳ್ಳಬೇಕಾಗಿಲ್ಲ. ಯಾರೋ ಯಾವಾಗಲೋ ಎಲ್ಲರಿಗಾಗಿ ಕಟ್ಟಿ ಬಿಟ್ಟುಹೋದವು, ಅಥವಾ ಎಲ್ಲರ ತೆರಿಗೆಯಿಂದ ನಡೆಯುತ್ತಿರುವವು. ಅದರಿಂದಲೇ ಹಳ್ಳಿಯಿಂದ ಬಂದ ಒಬ್ಬ ವಿದ್ಯಾರ್ಥಿನಿಗೆ ಅಂಥ ಬೆಳಗುಗಳು ಸಾಧ್ಯವಾದವು.

ನಾನಿರುವ ಊರಿನಲ್ಲಿ ಕಾಲೇಜು ಮುಗಿಸಿ ಮಿಲ್ಲಿಗೆ ಹೋಗುವ ನಡುವೆ ನನಗೆ ಎರಡು ಗಂಟೆ ಬಿಡುವಿರುತ್ತದೆ. ಆ ಎರಡು ಗಂಟೆ ಕುಳಿತುಕೊಳ್ಳಲು ನೆರಳಿರುವ ಒಂದು ಸಾರ್ವಜನಿಕ ಜಾಗ ಸಿಗುವುದಿಲ್ಲ. ಗ್ರಂಥಾಲಯ ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಿಂದ ಇದೆ, ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ಜನರು ಕಟ್ಟುತ್ತಾರೆ. ನಮ್ಮ ಮಿಲ್ಲಿನ ಲೆಕ್ಕದಲ್ಲಿ ಆ ಸಾಲನ್ನು ನಾನೇ ನನ್ನ ಕೈಯಿಂದ ಬರೆದಿದ್ದೇನೆ. ಆದ್ದರಿಂದ ಗ್ರಂಥಾಲಯ ಇನ್ನೂ ಮೂರು ಗಂಟೆ ತೆರೆದಿರಲಿ ಎಂದು ಕೇಳುವುದು ನನ್ನ ದೃಷ್ಟಿಯಲ್ಲಿ ಸಂತೋಷದ ಪ್ರಶ್ನೆಯೇ ಆಗಿದೆ.

ನನಗೆ ಸಂತೋಷವೇ ಇಲ್ಲವೆಂದು ದಯವಿಟ್ಟು ಯಾರೂ ತಿಳಿಯಬೇಡಿ. ನಮ್ಮ ಕಡೆ ವರ್ಷದ ಕೊನೆಯ ಹೊತ್ತಿಗೆ ಎಳ್ಳಮವಾಸ್ಯೆ ಬರುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಚರಗ, ಅಂದರೆ ಎಡೆಯ ಅಡುಗೆಯನ್ನು, ಚೆಲ್ಲಿ, ಹೊಲದಲ್ಲೇ ಸಾಲಾಗಿ ಕುಳಿತು ಉಣ್ಣುತ್ತೇವೆ. ಆ ದಿನದ ಭಜ್ಜಿಯ ಬಗ್ಗೆ ದಕ್ಷಿಣದ ಕಡೆಯವರಿಗೆ ಹೇಳಲೇಬೇಕು. ಹಸಿ ತೊಗರಿಕಾಳು, ಅವರೆ, ಕಡಲೆ, ಬದನೆ, ಗಜ್ಜರಿ, ಮೆಂತ್ಯ, ಹೊಲದಲ್ಲಿ ಮತ್ತು ಸಂತೆಯಲ್ಲಿ ಆ ಕಾಲಕ್ಕೆ ಸಿಗುವ ಕಾಳು ಕಾಯಿಪಲ್ಲೆ ಎಲ್ಲವನ್ನೂ ಒಟ್ಟಿಗೆ ಹಾಕಿ, ಕಡಲೆಹಿಟ್ಟು ಹುಳಿ ಸೇರಿಸಿ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಅದರ ಜೊತೆಗಿರುತ್ತವೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದೊಯ್ಯುತ್ತಾರೆ. ನಮಗೆ ಸ್ವಂತ ಹೊಲವಿಲ್ಲ. ಆದರೂ ಈ ವರ್ಷ ನಾನು ಮಿಲ್ಲಿನಲ್ಲಿ ರಜೆ ಕೇಳಿ, ಗೆಳೆಯನ ಹೊಲದಲ್ಲಿ ಉಂಡು, ತೊಗರಿ ಗಿಡಗಳ ನಡುವೆ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದೆ. ಈ ವರ್ಷದ ಹಾಳೆಯಲ್ಲಿ ಬರೆಯಲು ಹೇಳಿದರೆ ನಾನು ಮೊದಲು ಬರೆಯುವುದು ಅದನ್ನೇ. ಅಲ್ಲಿಯೂ ನನ್ನ ಮಾತು ಅದೇ ಆಗುತ್ತದೆ: ಬಾ ಎಂದು ಕರೆಯುವ ಒಬ್ಬ ಗೆಳೆಯ, ಒಂದು ದಿನದ ರಜೆ, ಕುಳಿತುಕೊಳ್ಳಲು ಒಂದು ಬದು ಇರಲೇಬೇಕು.

ಉತ್ತರ: ಹೆಜ್ಜಾರ್ಲೆ

ಎಲ್ಲರ ಉತ್ತರಗಳನ್ನೂ ನಿಧಾನವಾಗಿ ಓದಿದೆ. ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ?

ಸೀಮೆಸುಣ್ಣ ಸರ್, ನೀವು ಹೇಳಿದ ಮೇಲೆ ನಾನು ಪ್ರಯೋಗಾಲಯದ ದಿನಗಳನ್ನು ಮತ್ತೆ ನೆನಪಿಸಿಕೊಂಡೆ. ತಾವರೆಯ ಎಲೆತೊಟ್ಟಿನ ಸೆಕ್ಷನ್ನಿನಲ್ಲಿ ಗಾಳಿ ತುಂಬಿದ ದೊಡ್ಡ ದೊಡ್ಡ ಕೋಣೆಗಳನ್ನು ಮೊದಲ ಬಾರಿ ಕಂಡಾಗ, ಕೆಸರಿನಲ್ಲಿ ಹೂತ ಬೇರುಗಳಿಗೆ ಗಾಳಿ ಇಳಿದುಹೋಗುವ ದಾರಿ ಇದೇ ಎಂಬುದು ಹೊಳೆದು, ಪಕ್ಕದ ಮೇಜಿನವರನ್ನೆಲ್ಲ ಕರೆದು ತೋರಿಸಿದ್ದೆ. ಅದನ್ನು ಹಾಳೆಯಲ್ಲಿ ಬರೆದಿದ್ದೇನೆ, ಕೆರೆಗಿಂತ ಮೇಲೆ. ಒಂದು ಮಾತಿನಲ್ಲಿ ಮಾತ್ರ ನಾನು ನಿಮ್ಮೊಡನೆ ಪೂರ್ತಿ ಒಪ್ಪಲಾರೆ. ಬಯಕೆಯ ಹೊಡೆತಕ್ಕೆ ಸಿಕ್ಕದಿರುವುದು ದೊಡ್ಡ ಮಾತು, ಆದರೆ ಕೆಲಸ ಬೇಕು ಎಂಬ ನನ್ನ ಬಯಕೆಯ ಹಿಂದೆ ಅಪ್ಪನ ಸಾಲವಿದೆ, ತಂಗಿಯ ಓದು ಇದೆ. ಅದನ್ನು ಬಿಡಬೇಕೆಂದು ನನಗೆ ಅನಿಸುವುದಿಲ್ಲ. ಬರುವ ವರ್ಷ ಕೆಸೆಟ್ ಮತ್ತೆ ಬರೆಯುತ್ತೇನೆ, ಅದಕ್ಕಾಗಿ ಓದುವ ದಿನಗಳಲ್ಲಿಯೂ ಬೆಳಗಿನ ನಡಿಗೆಯನ್ನು ಬಿಡದಿರಲು ನಿರ್ಧರಿಸಿದ್ದೇನೆ.

ಮನದಾಳ ಅವರೇ, ಮೊಬೈಲು ಪಟ್ಟಿಯಲ್ಲಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ದಿನದಲ್ಲಿ ಎಷ್ಟೋ ಹೊತ್ತು ಅದು ನನ್ನ ಕೈಯಲ್ಲಿರುತ್ತದೆ. ಈ ಮಾತನ್ನು ಗೆಳತಿಯರಿಗೂ ಹೇಳಿದಾಗ, ಅವರ ಹಾಳೆಗಳಲ್ಲಿಯೂ ಅದು ಇರಲಿಲ್ಲವೆಂದು ತಿಳಿಯಿತು.

ಮಂಡ್ಯದ ಅಮ್ಮಾ, ನಿನ್ನೆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ಸಲ ಬಂದಾಗ ತನ್ನನ್ನೂ ಬೆಳಗ್ಗೆ ಕೆರೆಗೆ ಕರೆದುಕೊಂಡು ಹೋಗು ಎಂದಳು. ಸಂಜೆಯ ಬಸ್ಸಿಗೆ ಹಿಂತಿರುಗುವವಳಿಗೆ ಬೆಳಗಿನ ಕೆರೆ ಕಾಣಬೇಕಾದರೆ ರಾತ್ರಿ ಉಳಿಯಬೇಕಾಗುತ್ತದೆ, ಹಾಸ್ಟೆಲಿನಲ್ಲಿ ಅದಕ್ಕೆ ಅನುಮತಿ ಕೇಳಿದ್ದೇನೆ.

ತೊಗರಿ ಹೊಲ ತಮ್ಮಾ, ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮ ಮಾತು. ನಾನು ಈ ಎಲ್ಲವನ್ನೂ ನನ್ನ ಸ್ವಭಾವದಿಂದ ಬಂದ ಸಂತೋಷಗಳೆಂದೇ ತಿಳಿದಿದ್ದೆ, ಅವುಗಳ ಹಿಂದೆ ಇರುವ ಏರಿ, ಕಟ್ಟಡ, ತೆರಿಗೆಗಳ ಕಡೆಗೆ ನನ್ನ ಯೋಚನೆ ಹೋಗಿರಲಿಲ್ಲ. ಕೆರೆಗೆ ಕೊಳಚೆ ನೀರು ಸೇರದಂತೆ ಕಾಯಲು ಮೈಸೂರಿನಲ್ಲಿ ಎಷ್ಟೋ ಜನ ವರ್ಷಗಟ್ಟಲೆ ದನಿ ಎತ್ತಿದ್ದಾರೆ ಎಂಬುದನ್ನು ಕೇಳಿದ್ದೇನೆ. ನಾನು ನಡೆದಾಡಿ ಬಂದವಳೇ ಹೊರತು ಅವರೊಡನೆ ಒಂದು ದಿನವೂ ನಿಂತಿಲ್ಲ. ನಿಮ್ಮ ಊರಿನ ಗ್ರಂಥಾಲಯವನ್ನು ಸಂಜೆಯೂ ತೆರೆದಿಡಬೇಕೆಂದು ಮನವಿ ಬರೆಯುವುದಾದರೆ ಕರಡನ್ನು ಇಲ್ಲಿ ಹಾಕಿ. ಭಾಷೆ ತಿದ್ದುವ ಕೆಲಸ ನನಗಿರಲಿ.

ಉತ್ತರ: ತೊಗರಿ ಹೊಲ

ಭಾನುವಾರ ಮಿಲ್ಲಿಗೆ ರಜೆ ಇದೆ, ಅಂದು ಕರಡನ್ನು ಹಾಕುತ್ತೇನೆ ಅಕ್ಕಾ. ಮನವಿಯನ್ನು ಜಿಲ್ಲಾ ಕೇಂದ್ರದ ಗ್ರಂಥಾಲಯ ಅಧಿಕಾರಿಗಳಿಗೆ ಬರೆದು, ಒಂದು ಪ್ರತಿಯನ್ನು ನಮ್ಮ ಪುರಸಭೆಗೂ ಕೊಡಬೇಕೆಂದಿದ್ದೇನೆ. ಕಾಲೇಜಿನಲ್ಲಿ ಕೆಲಸ ಮಾಡುತ್ತಾ ಓದುವವರು ನಾನೊಬ್ಬನೇ ಅಲ್ಲ, ಸಹಿ ಹಾಕಲು ಬಹಳ ಜನ ಸಿಗುತ್ತಾರೆ. ಬೆಳಗಿನ ಸಮಯವನ್ನು ಕಡಿತ ಮಾಡಿ ಸಂಜೆಗೆ ಸೇರಿಸಿದರೆ ಪತ್ರಿಕೆ ಓದಲು ಬರುವ ಹಿರಿಯರಿಗೆ ತೊಂದರೆಯಾಗುತ್ತದೆ, ಆದ್ದರಿಂದ ಹೆಚ್ಚುವರಿ ಸಮಯವನ್ನೇ ಕೇಳಬೇಕು. ಸಿಬ್ಬಂದಿ ಕೊರತೆಯ ಕಾರಣ ಕೊಟ್ಟರೆ ಏನೆಂದು ಉತ್ತರಿಸಬೇಕು ಎಂಬುದನ್ನು ಸೀಮೆಸುಣ್ಣ ಸರ್ ದಯವಿಟ್ಟು ತಿಳಿಸಬೇಕು. ಕಚೇರಿಗಳೊಡನೆ ಪತ್ರ ವ್ಯವಹಾರ ಮಾಡಿದ ಅನುಭವ ನಮಗೆ ಯಾರಿಗೂ ಇಲ್ಲ.